ಡಿಕ್ಕಿ ಬಾಗಿಲಿನ ಮೇಲಂಚು

ಕಾರಿನ ಹಿಂದೆ ಸೈಕಲ್ ತೂಗುಹಾಕಲು ಹೊರಟವರು ಮೊದಲು ಮುಟ್ಟಿ ನೋಡಬೇಕಾದದ್ದು ಡಿಕ್ಕಿ ಬಾಗಿಲಿನ ಮೇಲಂಚನ್ನು. ಅಲ್ಲಿರುವುದು ತಗಡೋ, ಗಾಜೋ, ಪ್ಲಾಸ್ಟಿಕ್ಕೋ ಎಂಬುದು ಗೊತ್ತಾಗದೆ ಮುಂದಿನ ಮಾತೇ ಇಲ್ಲ. ನಾನು ರ‍್ಯಾಕಿನ ಬೆಲೆ ನೋಡಿದೆ, ಎರಡು ಸೈಕಲ್ ಹಿಡಿಯುತ್ತದೆಯೇ ಎಂದು ನೋಡಿದೆ, ಕೊಂಡುಬಿಟ್ಟೆ. ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಮಶಿನ್ ಶಾಪಿನಲ್ಲಿ ಕೆಲಸ ಮಾಡುವವನು ನಾನು. ಯಾವ ಭಾರವನ್ನು ಎಲ್ಲಿ ಕಚ್ಚಿಸಬೇಕು ಎಂದು ಹೊಸ ಹುಡುಗರಿಗೆ ಹೇಳಿಕೊಡುವುದು ನನ್ನ ದಿನದ ಕೆಲಸ. ಆದರೂ ಸ್ವಂತ ಕಾರಿನ ವಿಷಯಕ್ಕೆ ಬಂದಾಗ ಆ ತಿಳಿವಳಿಕೆಯನ್ನು ಗೇಟಿನ ಒಳಗೇ ಬಿಟ್ಟು ಬಂದಿದ್ದೆ.

ಸೈಕಲ್ಲನ್ನು ಕಾರಿನಲ್ಲಿ ಹೊತ್ತೊಯ್ಯುವ ಸ್ಥಿತಿ ಯಾಕೆ ಬಂತು ಎಂಬುದನ್ನೂ ಹೇಳಬೇಕು. 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದವರು ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್ ತನಕ ಸುಮಾರು 17 ಕಿ.ಮೀ. ತಾತ್ಕಾಲಿಕ ಸೈಕಲ್ ಪಥ ಮಾಡಿದ್ದರು. ಅದು ನಮ್ಮ ಬಡಾವಣೆಯ ಎದುರಿಗೇ ಹಾದುಹೋಗುತ್ತಿತ್ತು. ಬೈಕುಗಳು ನುಗ್ಗಿದವು, ಗೂಟಗಳು ಮುರಿದವು, ಮೆಟ್ರೋ ನೀಲಿ ಮಾರ್ಗದ ಕಾಮಗಾರಿ ಬಂದ ಮೇಲೆ ಪಥವೂ ಉಳಿಯಲಿಲ್ಲ. ಆ ರಸ್ತೆಗೆ ಮಗಳನ್ನು ಸೈಕಲ್ಲಿನ ಮೇಲೆ ಇಳಿಸುವ ಧೈರ್ಯ ನನಗಿರಲಿಲ್ಲ. ನಂದಿ ಬೆಟ್ಟದ ಬುಡದ ಹಳ್ಳಿರಸ್ತೆಗಳಿಗೆ ಅವಳನ್ನು ಕರೆದುಕೊಂಡು ಹೋಗಬೇಕೆಂಬ ಆಸೆ ಬಹಳ ಇತ್ತು.

ನಾನು ತಂದದ್ದು ಪಟ್ಟಿ ಬಿಗಿಯುವ ರ‍್ಯಾಕ್. ಅದರ ಕೆಳಗಿನ ಕಾಲುಗಳು ಬಂಪರಿಗೆ ಒತ್ತಿಕೊಳ್ಳುತ್ತವೆ, ಮೇಲಿನ ಎರಡು ಪಟ್ಟಿಗಳ ತುದಿಯ ಕೊಕ್ಕೆಗಳು ಡಿಕ್ಕಿ ಬಾಗಿಲಿನ ಮೇಲಂಚನ್ನು ಹಿಡಿಯುತ್ತವೆ. ನನ್ನ ಸೈಕಲ್ಲೂ ಮಗಳದ್ದೂ ಸೇರಿ ಹತ್ತಿರಹತ್ತಿರ 30 ಕಿಲೋ. ಈ ಭಾರ ಬಾಗಿಲಿಗೆ ಅಂಟಿಕೊಂಡು ನಿಲ್ಲುವುದಿಲ್ಲ, ಒಂದು ಮೊಳ ಹೊರಗೆ ಚಾಚಿಕೊಂಡಿರುತ್ತದೆ. ಹಾಗಾಗಿ ಅದು ಕೆಳಕ್ಕೆ ಜಗ್ಗುವುದರ ಜೊತೆಗೆ ಸನ್ನೆಗೋಲಿನ ಹಾಗೆ ಮೇಲಿನ ಕೊಕ್ಕೆಗಳನ್ನು ಹಿಂದಕ್ಕೆ ಎಳೆಯುತ್ತದೆ. ಹಂಪಿನ ಮೇಲೆ ಚಕ್ರ ಎಗರಿ ಬಿದ್ದ ಕ್ಷಣದಲ್ಲಿ ಆ ಎಳೆತ ಇನ್ನಷ್ಟು ಹೆಚ್ಚುತ್ತದೆ. ನನ್ನ ಹ್ಯಾಚ್‌ಬ್ಯಾಕಿನ ಮೇಲಂಚಿನಲ್ಲಿದ್ದದ್ದು ತೆಳುವಾದ ಪ್ಲಾಸ್ಟಿಕ್ ಸ್ಪಾಯ್ಲರ್. ಅದನ್ನು ಕೂರಿಸಿರುವುದು ಅಂದಕ್ಕೆ, ಗಾಳಿಗೆ, ಭಾರ ಹೊರುವುದಕ್ಕಲ್ಲ.

ಬೂದಿಗೆರೆ ಕ್ರಾಸ್ ದಾಟಿ ದೇವನಹಳ್ಳಿ ಕಡೆ ಹೋಗುವಾಗ, ಒಂದು ಹಳ್ಳಿಯ ಹಂಪಿನ ಮೇಲೆ ಟಪ್ ಎಂದು ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ಎರಡೂ ಸೈಕಲ್ ಒಂದು ಕಡೆಗೆ ವಾಲಿದ್ದವು. ಸ್ಪಾಯ್ಲರಿನ ಎಡತುದಿ ಸೀಳಿ ಕೊಕ್ಕೆ ಕಿತ್ತುಬಂದಿತ್ತು, ಮಗಳ ಸೈಕಲ್ಲಿನ ಹ್ಯಾಂಡಲ್ ಡಾಂಬರಿಗೆ ಉಜ್ಜುತ್ತಿತ್ತು. ನಿಲ್ಲಿಸುವಷ್ಟರಲ್ಲಿ ಹಿಂದೆ ಬರುತ್ತಿದ್ದ ಸ್ಕೂಟರಿನವನು ತಪ್ಪಿಸಿಕೊಳ್ಳಲು ರಸ್ತೆ ಬಿಟ್ಟು ಮಣ್ಣಿಗೆ ಇಳಿದ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಹುಡುಗ, ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಬೀಳಲಿಲ್ಲ, ಪೆಟ್ಟೂ ಆಗಲಿಲ್ಲ. ಸೈಕಲ್ ಇಳಿಸಲು ನನ್ನೊಂದಿಗೆ ಕೈಜೋಡಿಸಿದ. ಎಲ್ಲ ಇಳಿಸಿದ ಮೇಲೆ, “ಬೆಳಗಿನ ಹೊತ್ತು ಹಿಂದೆ ಯಾರೂ ಇರಲ್ಲ ಅಂದ್ಕೊಂಡ್ರಾ ಸಾರ್?” ಎಂದ. ನಾನು ಹಿಂದಿನವರ ಬಗ್ಗೆ ಏನೂ ಅಂದುಕೊಂಡಿರಲೇ ಇಲ್ಲ. ಅಂಗಡಿಯಲ್ಲಿ ನಾನು ಯೋಚಿಸಿದ್ದು ನನ್ನ ಸೈಕಲ್ಲು, ನನ್ನ ಕಾರಿನ ಬಣ್ಣ, ನನ್ನ ದುಡ್ಡು ಇಷ್ಟನ್ನೇ. ನಮ್ಮ ರಸ್ತೆಗಳಲ್ಲಿ ಕಾರಿನ ಹಿಂದೆ ಮಾರುದೂರದಲ್ಲಿ ಒಂದಲ್ಲ ಒಂದು ಸ್ಕೂಟರ್ ಇದ್ದೇ ಇರುತ್ತದೆ. ನಾನು ಕಟ್ಟಿದ ಹೊರೆ ಕಳಚಿದರೆ ಬೀಳುವುದು ಅದರ ಮುಂದೆ.

ಆಮೇಲೆ ಮಾಡಿದ ವಿಚಾರಣೆಯನ್ನು ಮೊದಲೇ ಮಾಡಬಹುದಿತ್ತು. ಸ್ವೀಡನ್ನಿನ ಥುಲೆಯಂಥ ಕಂಪನಿಗಳು ಕಾರಿನ ಮಾದರಿ, ತಯಾರಾದ ವರ್ಷ ಕೇಳಿ, ಯಾವ ರ‍್ಯಾಕ್ ಹೊಂದುತ್ತದೆ ಎಂದು ಪಟ್ಟಿಯಲ್ಲಿ ತಿಳಿಸುತ್ತವೆ. ಪಟ್ಟಿಯಲ್ಲಿ ನಿಮ್ಮ ಕಾರು ಇಲ್ಲವೆಂದರೆ ಆ ರ‍್ಯಾಕ್ ನಿಮ್ಮದಲ್ಲ. ಕೊಕ್ಕೆ ತಗಡಿನ ಅಂಚನ್ನೇ ಹಿಡಿಯಬೇಕು. ಸೈಕಲ್ಲಿನ ಟಯರು ಸೈಲೆನ್ಸರಿನ ಬಾಯಿಗೆ ಎದುರಾಗಿರಬಾರದು, ಬಿಸಿಗೆ ರಬ್ಬರ್ ಕರಗುತ್ತದೆ. ಮೇಲಿನ ದಂಡ ಇಳಿಜಾರಾಗಿರುವ ಲೇಡೀಸ್ ಸೈಕಲ್ಲಿಗೆ ಬೇರೊಂದು ಅಡ್ಡಸರಳು ಬೇಕು. ಹಿಂದಿನ ದೀಪ, ನಂಬರ್ ಪ್ಲೇಟ್ ಮರೆಯಾಗುವಂತಿಲ್ಲ. ನಂಬರ್ ಕಾಣದಿದ್ದರೆ ದಂಡ, ಆದರೆ ಬ್ರೇಕ್ ದೀಪ ಕಾಣದಿದ್ದರೆ ಅದರ ಫಲ ಉಣ್ಣುವವನು ಮತ್ತದೇ ಹಿಂದಿನವನು. ನೈಲಾನ್ ಪಟ್ಟಿ ನೆನೆದರೆ ಹಿಗ್ಗುತ್ತದೆ, ಹೊರಟು ಸ್ವಲ್ಪ ದೂರಕ್ಕೇ ನಿಲ್ಲಿಸಿ ಮತ್ತೆ ಬಿಗಿಯಬೇಕು.

ಚಾವಣಿ ಮೇಲಿನ ರ‍್ಯಾಕ್ ಬಗ್ಗೆಯೂ ಯೋಚಿಸಿದೆ. ದೀಪಕ್ಕೆ, ಪ್ಲೇಟಿಗೆ ಅಡ್ಡಿಯಿಲ್ಲ, ಹಿಡಿತವೂ ಗಟ್ಟಿ. ಆದರೆ ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಸೈಕಲ್ ನಿಂತರೆ ಒಟ್ಟು ಎರಡೂವರೆ ಮೀಟರ್. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಾಗಿಲಲ್ಲಿ ಬರೆದಿರುವುದು 2.1 ಮೀಟರ್. ದಣಿದು ವಾಪಸು ಬರುವಾಗ ತಲೆಯ ಮೇಲೊಂದು ಸೈಕಲ್ ಇದೆ ಎಂಬುದು ಎಂದಾದರೂ ಒಂದು ದಿನ ಮರೆತೇ ಮರೆಯುತ್ತದೆ. ಮಾರುತಿಯಾಗಲಿ ಹ್ಯುಂಡೈಯಾಗಲಿ, ಚಾವಣಿ ಎಷ್ಟು ಕಿಲೋ ತಡೆಯುತ್ತದೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ಹುಡುಕಬೇಕು. ಅದರಲ್ಲಿ ರ‍್ಯಾಕಿನ ತೂಕವೂ ಸೇರಿಕೊಳ್ಳುತ್ತದೆ. ಚಾಸಿಗೆ ಹುಕ್ ಕೂರಿಸಿ ಅದಕ್ಕೆ ಸಿಕ್ಕಿಸುವ ರ‍್ಯಾಕೇ ಎಲ್ಲಕ್ಕಿಂತ ಭದ್ರ. ಇಲ್ಲಿಯ ಸಣ್ಣ ಕಾರುಗಳಿಗೆ ಆ ಹುಕ್ ಕಂಪನಿಯಿಂದ ಬರುವುದು ಅಪರೂಪ, ಹೊರಗೆ ಹಾಕಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿಕೊಂಡೇ ಮುಂದುವರಿಯಬೇಕು.

ಹಿಂದೆ ಬಸ್ಸಿನ ಟಾಪಿಗೆ ಸೈಕಲ್ ಹಾಕುತ್ತಿದ್ದವರ ಕೆಲಸ ಈಗ ನೆನಪಾಗುತ್ತದೆ. ಹಗ್ಗವನ್ನು ಅವರು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಜಗ್ಗಿ ಕಟ್ಟುತ್ತಿದ್ದರು, ಬರೀ ಕೆಳಕ್ಕೆ ಅದುಮಿ ಬಿಡುತ್ತಿರಲಿಲ್ಲ. ಕಟ್ಟಿದ ಮೇಲೆ ಸೈಕಲ್ಲನ್ನು ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಕಾರಿಗೂ ಅದೇ ಪರೀಕ್ಷೆ ನಡೆಯುತ್ತದೆ: ಸೈಕಲ್ ಹಿಡಿದು ಅಲುಗಿಸಿದರೆ ಕಾರು ಅಲುಗಬೇಕು. ಸೈಕಲ್ ಮಾತ್ರ ಅಲುಗಿದರೆ ಹೊರಡಬಾರದು.

ಸದ್ಯಕ್ಕೆ ನಾವು ರ‍್ಯಾಕನ್ನೇ ಬಿಟ್ಟಿದ್ದೇವೆ. ಹಿಂದಿನ ಸೀಟು ಮಡಚಿ, ಎರಡೂ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ನಡುವೆ ಹಳೆಯ ಕಂಬಳಿ ಹಾಸಿ ಒಳಗೇ ಮಲಗಿಸುತ್ತೇವೆ. ಚೈನಿನ ಕಡೆ ಮೇಲಿರಬೇಕು, ಇಲ್ಲವಾದರೆ ಗೇರಿನ ಕೊಂಡಿ ಬಾಗುತ್ತದೆ. ಸೀಟಿಗೆ ಎಣ್ಣೆಮಸಿ ಆಗುತ್ತದೆ, ಆಗಲಿ. ಕೆಟ್ಟ ರ‍್ಯಾಕನ್ನು ಗುಜರಿಗೆ ಹಾಕುವ ಮುಂಚೆ ಅದರ ಪಟ್ಟಿಗಳನ್ನೆಲ್ಲ ಕತ್ತರಿಸಿದೆ. ಸರಳು ಗಟ್ಟಿಯಾಗೇ ಇತ್ತು, ಇನ್ಯಾರಾದರೂ ಕೊಂಡು ಇನ್ನೊಂದು ಸ್ಪಾಯ್ಲರಿಗೆ ಸಿಕ್ಕಿಸುವುದು ನನಗೆ ಬೇಡವಾಗಿತ್ತು.