ಸೊನ್ನೆ ತೋರಿಸಿದ ಟಾಂಗ್ ಟೆಸ್ಟರ್

ಉರಿಬಿಸಿಲಿನ ಮಧ್ಯಾಹ್ನ. ಎಲೆಕ್ಟ್ರಿಷಿಯನ್ ಟಾಂಗ್ ಟೆಸ್ಟರಿನ ದವಡೆ ತೆರೆದು ಮೋಟರಿನ ವೈರಿಗೆ ಕಚ್ಚಿಸಿದರು. ಆಂಪಿಯರ್ ಅಂಕಿ ಬಂತು. ತಾರಸಿಯ ಸೋಲಾರ್ ಪ್ಯಾನೆಲ್ಲಿನ ವೈರಿಗೆ ಕಚ್ಚಿಸಿದರು, ಸೊನ್ನೆ. ಮನೆಯ ಯಜಮಾನ, ಅಂದರೆ ಈ ಪ್ರಬಂಧದ ಲೇಖಕ, ಗಾಬರಿಯಿಂದ ನೋಡಿದ.

"ಇದು ಎಸಿಗೆ ಮಾತ್ರ ಸಾರ್. ಡಿಸಿಗೆ ಹಾಲ್ ಸೆನ್ಸರ್ ಇರೋದು ಬೇಕು. ರೇಟು ಜಾಸ್ತಿ."

ಮಾತು ಸರಿಯೇ. ಎಸಿ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದಾಗುವುದರಿಂದ ಅದರ ಸುತ್ತಲ ಕಾಂತಕ್ಷೇತ್ರವೂ ಕುಣಿಯುತ್ತದೆ; ದವಡೆಯೊಳಗಿನ ಸುರುಳಿಗೆ ಆ ಕುಣಿತವಷ್ಟೇ ಗೊತ್ತಾಗುವುದು. ಡಿಸಿಯ ಕಾಂತಕ್ಷೇತ್ರ ಅಲುಗದೆ ನಿಂತಿರುತ್ತದೆ.

ನಿಂತ ಕಾಂತಕ್ಷೇತ್ರವನ್ನು ಹಿಡಿಯುವ ಉಪಾಯ ಸಿಕ್ಕಿದ್ದು 1879ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಆಯಸ್ಕಾಂತ ತಳ್ಳುವುದು ತಂತಿಯನ್ನು, ಅದರೊಳಗಿನ ಕರೆಂಟನ್ನಲ್ಲ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ತಮ್ಮ ಗ್ರಂಥದಲ್ಲಿ ಬರೆದಿದ್ದರು. ಇಪ್ಪತ್ಮೂರರ ಹುಡುಗ ಎಡ್ವಿನ್ ಹಾಲ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಮೇಷ್ಟ್ರು ಹೆನ್ರಿ ರೋಲೆಂಡ್ ಅವರಿಗೂ ಇದೇ ಅನುಮಾನ. ಹಿಂದೊಮ್ಮೆ ಪ್ರಯೋಗ ಮಾಡಿ ಬರಿಗೈಯಾಗಿದ್ದರು. ಅವರ ಸಲಹೆಯಂತೆ ಹಾಲ್ ಗಾಜಿನ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಅದರಲ್ಲಿ ಕರೆಂಟು ಹರಿಸಿ, ಪ್ರಬಲ ಆಯಸ್ಕಾಂತದ ನಡುವೆ ಇಟ್ಟ. ರೇಕಿನ ಎರಡು ಅಂಚುಗಳ ನಡುವೆ ಅಡ್ಡಲಾಗಿ ವೋಲ್ಟೇಜ್ ಹುಟ್ಟಿತು. ತಳ್ಳಿಸಿಕೊಂಡದ್ದು ಕರೆಂಟೇ! ಎಲೆಕ್ಟ್ರಾನ್ ಪತ್ತೆಯಾಗಲು ಇನ್ನೂ 18 ವರ್ಷವಿತ್ತು ಎನ್ನುವುದನ್ನು ನೆನೆದರೆ ಆ ಹುಡುಗನ ಹಟಕ್ಕೆ ಕೈಮುಗಿಯಬೇಕು.

ಲೋಹದಲ್ಲಿ ಈ ವೋಲ್ಟೇಜ್ ತೀರಾ ಚಿಕ್ಕದು. ಅದು ಕೆಲಸಕ್ಕೆ ಬಂದದ್ದು ಅರೆವಾಹಕಗಳು ಬಂದ ಮೇಲೆ. ಅವುಗಳಲ್ಲಿ ಹರಿಯುವ ಕಣಗಳು ಕಡಿಮೆ. ಅಷ್ಟೇ ಕರೆಂಟು ಸಾಗಿಸಲು ಒಂದೊಂದೂ ವೇಗವಾಗಿ ಓಡಬೇಕು, ಓಡಿದಷ್ಟೂ ಪಕ್ಕಕ್ಕೆ ಜೋರಾಗಿ ತಳ್ಳಿಸಿಕೊಳ್ಳುತ್ತವೆ.

ಆದರೂ ಕಷ್ಟವಿದೆ. ಒಂದು ಆಂಪಿಯರ್ ಹರಿಯುವ ತಂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ ಬರೀ 20 ಮೈಕ್ರೊಟೆಸ್ಲಾ. ಭೂಮಿಯದೇ ನಮ್ಮ ಕಡೆ ಸುಮಾರು 40! ಅದಕ್ಕೇ ಡಿಸಿ ಟಾಂಗ್ ಟೆಸ್ಟರಿನ ದವಡೆಯಲ್ಲಿ ಕಾಂತಕ್ಷೇತ್ರವನ್ನು ಒಟ್ಟುಗೂಡಿಸುವ ತಿರುಳು, ಅದರ ಸಂದಿನಲ್ಲಿ ಸೆನ್ಸರ್. ಅಳೆಯುವ ಮುಂಚೆ ಒತ್ತಲು ಒಂದು 'ಝೀರೊ' ಗುಂಡಿ.

ಆ ಮೀಟರಿನ ಬೆಲೆ ಕೇಳಿದ ಲೇಖಕ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಎಸಿಎಸ್712 ಚಿಪ್ಪಿನ 20 ಆಂಪಿಯರ್ ಮಾಡ್ಯೂಲ್ ತಂದ. ಇದು ಕಚ್ಚುವುದಿಲ್ಲ, ವೈರನ್ನು ಕತ್ತರಿಸಿ ಇದರ ಮೂಲಕವೇ ಹಾಯಿಸಬೇಕು. ಒಳಗಿನ ತಾಮ್ರದ ದಾರಿಗೂ ಹಾಲ್ ಸೆನ್ಸರಿಗೂ ನಂಟು ಕಾಂತಕ್ಷೇತ್ರದ್ದು ಮಾತ್ರ. ಕರೆಂಟಿಲ್ಲದಾಗ 2.5 ವೋಲ್ಟ್ ಕೊಡುತ್ತದೆ; ಆಂಪಿಯರಿಗೆ 0.1 ವೋಲ್ಟಿನಂತೆ, ಒಂದು ದಿಕ್ಕಿಗೆ ಹರಿದರೆ ಏರಿಕೆ, ಇನ್ನೊಂದಕ್ಕೆ ಇಳಿಕೆ.

ಪ್ಯಾನೆಲ್ಲಿಗೆ ಜೋಡಿಸಿದ ಮೇಲೆ ಮೋಡ ಬಂದರೂ ಅಂಕಿ ಇಳಿಯುವುದು ಕಾಣುತ್ತಿತ್ತು. ದೂಳು ಹೊಡೆಯುವಾಗ ಮನೆಯವರು ಹಳೇ ಸ್ಪೀಕರನ್ನು ಮಾಡ್ಯೂಲಿಗೆ ಒತ್ತಿ ಇಟ್ಟರು ನೋಡಿ, ಅವತ್ತು ರಾತ್ರಿ ಒಂಬತ್ತಕ್ಕೂ ಸೂರ್ಯ ಆಂಪಿಯರ್ ಸುರಿಸುತ್ತಿದ್ದ.