ಹಣ ಮಾರ್ಚಿಗೆ ಬಂತು, ಹುಡುಗಿ ಡಿಸೆಂಬರಿನಲ್ಲೇ ಹೋಗಿದ್ದಳು

ಕುಮಟಾದಲ್ಲಿ ಒಂದು ಬಾಡಿಗೆ ಕೋಣೆ. ಹೆಂಚಿನ ಮನೆಯ ಹಿಂಬದಿ, ಬಾವಿಕಟ್ಟೆಯ ಪಕ್ಕ. ಅದರಲ್ಲಿ ಮೂವರು ಹುಡುಗಿಯರಿದ್ದರು. ಒಬ್ಬಳು ನಮ್ಮ ಅಕ್ಕನ ಮಗಳು, ಹೊನ್ನಾವರ ತಾಲ್ಲೂಕಿನ ಘಟ್ಟದ ಬುಡದವಳು. ಒಬ್ಬಳು ಭಟ್ಕಳದವಳು. ಇನ್ನೊಬ್ಬಳು ಕುಮಟಾ ತಾಲ್ಲೂಕಿನವಳೇ. ಆದರೆ ಅವಳ ಊರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದರೂ ಕಾಲೇಜಿನ ಮೊದಲ ಪಿರಿಯಡ್ ತಪ್ಪುತ್ತಿತ್ತು.

ಮೂವರೂ ಡಿ.ಇಎಲ್.ಇಡಿ. ಓದಲು ಬಂದವರು. ಹಳಬರ ಬಾಯಲ್ಲಿ ಅದು ಇನ್ನೂ ಟಿಸಿಎಚ್, ನಮ್ಮ ವಯಸ್ಸಿನವರಿಗೆ ಡಿ.ಇಡಿ. ಹೆಸರು ಯಾವುದಾದರೂ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಿಸಲು ಬೇಕಾದ ಎರಡು ವರ್ಷದ ತರಬೇತಿ ಅದು.

ಮೂವರಲ್ಲಿ ಇಬ್ಬರು ಕೋರ್ಸು ಮುಗಿಸಿದರು. ಒಬ್ಬಳು ಮುಗಿಸಲಿಲ್ಲ. ಅವಳ ವಿಷಯ ಬರೆಯಬೇಕು ಎಂದು ನಾವು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆವು. ಬರೆಯದೇ ಇದ್ದುದಕ್ಕೆ ಕಾರಣ, ಇದರಲ್ಲಿ ನಮ್ಮ ತಪ್ಪೂ ಇದೆ.

ಅವರು ಸೇರಿದ್ದು 2023ರಲ್ಲಿ. ಆ ವರ್ಷ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಒಂದರಿಂದ ಐದನೇ ತರಗತಿಯವರೆಗೆ ಕಲಿಸಲು ಬಿ.ಇಡಿ. ಅರ್ಹತೆ ಆಗುವುದಿಲ್ಲ, ಚಿಕ್ಕ ಮಕ್ಕಳಿಗೆ ಕಲಿಸಲು ಅದಕ್ಕೆಂದೇ ಇರುವ ತರಬೇತಿಯೇ ಬೇಕು ಎಂಬುದು ತೀರ್ಪಿನ ಸಾರ. 2018ರಲ್ಲಿ ಬಿ.ಇಡಿ. ಆದವರಿಗೂ ಆ ಬಾಗಿಲು ತೆರೆದ ಮೇಲೆ ಡಿ.ಇಡಿ.ಯನ್ನು ಕೇಳುವವರೇ ಇಲ್ಲ ಅನ್ನುವ ಹಾಗಾಗಿತ್ತು. ತೀರ್ಪು ಬಂದ ಮೇಲೆ ನಾವೇ ಅಕ್ಕನ ಮನೆಗೆ ಹೋಗಿ ಹೇಳಿದೆವು, "ಇವಳನ್ನು ಡಿ.ಇಡಿ.ಗೆ ಹಾಕಿ. ಇನ್ನು ಇದಕ್ಕೆ ಬೆಲೆ ಉಂಟು."

ಅಕ್ಕ ಕೇಳಿದ್ದು ಒಂದೇ ಮಾತು. "ಕುಮಟೆಗೆ ಹೋಗಿ ಬರೂಕೆ, ಉಳೂಕೆ ಎಷ್ಟು ಬೇಕು?"

ಹೋಗಿ ಬರುವುದಕ್ಕೆ ಏನೂ ಬೇಕಾಗಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಟಿಕೆಟ್ ಖರ್ಚೇ ಇರಲಿಲ್ಲ. ಭಟ್ಕಳದ ಹುಡುಗಿ ಮೊದಲ ಎರಡು ತಿಂಗಳು ಹೆದ್ದಾರಿಯಲ್ಲಿ ದಿನವೂ ಅರುವತ್ತು ಕಿಲೋಮೀಟರ್ ಹೋಗಿ, ಮತ್ತೆ ಅಷ್ಟೇ ದೂರ ಬಂದದ್ದು ಅದರಿಂದಲೇ. ನಮ್ಮ ಲೆಕ್ಕದಲ್ಲಿ ಶಕ್ತಿ ಯೋಜನೆಯೂ ಒಂದು ಸ್ಕಾಲರ್‌ಶಿಪ್. ಅರ್ಜಿ ಇಲ್ಲ, ಕೊನೆಯ ದಿನಾಂಕ ಇಲ್ಲ, ಬೇಕಾದ ಹೊತ್ತಿಗೆ ಕೈಗೆ ಸಿಗುತ್ತದೆ.

ಖರ್ಚು ಇದ್ದದ್ದು ಉಳಿಯುವುದಕ್ಕೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲೇ ಕಳೆದರೆ ಪಾಠಯೋಜನೆ ಬರೆಯುವುದು ಯಾವಾಗ? ಹೀಗೆ ಮೂವರೂ ಸೇರಿ ಕೋಣೆ ಹಿಡಿದರು. ಅಕ್ಕಿ, ತೆಂಗಿನಕಾಯಿ ಮನೆಯಿಂದ. ಬಾಡಿಗೆ, ಗ್ಯಾಸು, ಚಾರ್ಟ್ ಪೇಪರು, ಸ್ಕೆಚ್ ಪೆನ್ನು, ಬೋಧನಾಭ್ಯಾಸಕ್ಕೆ ಹೋಗುವಾಗ ಉಡುವ ಸೀರೆ, ಜೆರಾಕ್ಸು ಎಲ್ಲ ಸೇರಿ ತಲೆಗೆ ತಿಂಗಳಿಗೆ ಎರಡೂವರೆ ಸಾವಿರದ ಹತ್ತಿರ. ದೊಡ್ಡ ಮೊತ್ತ ಅಲ್ಲ. ಆದರೆ ಪ್ರತಿ ತಿಂಗಳೂ ಬೇಕು.

"ಸ್ಕಾಲರ್‌ಶಿಪ್ ಬರುತ್ತದೆ, ಅರ್ಜಿ ಹಾಕಿ" ಎಂದು ಮೂವರಿಗೂ ಹೇಳಿದವರು ನಾವು. ಸ್ಕಾಲರ್‌ಶಿಪ್ ಇರುವುದು ಸುಳ್ಳಲ್ಲ. ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಶುಲ್ಕ ಮರುಪಾವತಿ ಇದೆ. ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆ, ಆಗ ಅದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಇತ್ತು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಬಿ.ಇಡಿ., ಡಿ.ಇಡಿ. ಓದುವವರಿಗೆಂದೇ ವಿಶೇಷ ಪ್ರೋತ್ಸಾಹಧನಕ್ಕೆ ಅರ್ಜಿ ಕರೆದದ್ದಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಇದೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಇದೆ.

ಇಷ್ಟೆಲ್ಲ ಇದ್ದೂ ಮೂವರೂ ಒಂದೊಂದು ಕಡೆ ಸಿಕ್ಕಿಬಿದ್ದರು.

ಅಕ್ಕನ ಮನೆಗೆ ರೈತ ವಿದ್ಯಾನಿಧಿ ಸಿಗಲಿಲ್ಲ. ಅದಕ್ಕೆ ಹೆತ್ತವರ ಹೆಸರಲ್ಲಿ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಎಫ್‌ಐಡಿಗೆ ಪಹಣಿ ಬೇಕು. ಭಾವ ಮೂವತ್ತು ವರ್ಷದಿಂದ ಅಡಿಕೆ, ಗೇರು ಬೆಳೆಸಿದ ಜಾಗ ಅರಣ್ಯ ಅತಿಕ್ರಮಣದ್ದು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನು ಬಗ್ಗಿಸಿ ಗೇಯುವವನು ರೈತ, ಕಾಗದದಲ್ಲಿ ಮಾತ್ರ ಅಲ್ಲ.

ವಿದ್ಯಾಸಿರಿಗೆ ಅರ್ಜಿ ಹಾಕಿದಳು. ತಿಂಗಳುಗಟ್ಟಲೆ ಕಾದರೂ ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ. ನಾವು ಸರ್ಕಾರಕ್ಕೆ ಬೈದೆವು. ಆಮೇಲೆ ಒಂದು ದಿನ ಅವಳೇ ಮೊಬೈಲಿನಲ್ಲಿ ಆಧಾರ್ ಜಾಲತಾಣ ತೆರೆದು ಬ್ಯಾಂಕ್ ಜೋಡಣೆ ನೋಡಿದಳು. ಅಲ್ಲಿ ಇದ್ದದ್ದು ಯಾವುದೋ ಪೇಮೆಂಟ್ ಬ್ಯಾಂಕಿನ ಹೆಸರು. ಎರಡು ವರ್ಷದ ಹಿಂದೆ ಸಿಮ್ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತಿದ್ದಳು, ಆಗ ತೆರೆದ ಖಾತೆ. ಹಣ ಅದಕ್ಕೆ ಜಮಾ ಆಗಿ ಅಲ್ಲೇ ಇತ್ತು. ತನಗೊಂದು ಖಾತೆ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ಹಲವರಿಗೆ ಇದು ತಿಳಿದಿಲ್ಲ. ಇಂಥ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಬರುವುದಿಲ್ಲ. ಆಧಾರಿಗೆ ಕೊನೆಯದಾಗಿ ಯಾವ ಖಾತೆ ಜೋಡಿಸಿದ್ದೇವೋ ಅದಕ್ಕೆ ಹೋಗುತ್ತದೆ.

ಭಟ್ಕಳದ ಹುಡುಗಿಯ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಸ್ಪೆಲ್ಲಿಂಗು, ಆಧಾರಿನಲ್ಲಿ ಇನ್ನೊಂದು. ಒಂದರಲ್ಲಿ ತಂದೆಯ ಹೆಸರು ಹಿಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಹೆಸರು ತಾಳೆಯಾಗದೆ ಅರ್ಜಿ ಮುಂದೆ ಹೋಗಲಿಲ್ಲ. ಆಧಾರ್ ಕೇಂದ್ರಕ್ಕೆ ಮೂರು ಸಲ ಹೋಗಿ ಸರಿ ಮಾಡಿಸಿದಳು. ಅವಳಿಗೆ ಒಂದು ಅನುಕೂಲ ಇತ್ತು, ಗಲ್ಫ್‌ನಲ್ಲಿದ್ದ ಚಿಕ್ಕಪ್ಪ ಆ ಆರು ತಿಂಗಳು ಬಾಡಿಗೆ ಕಳಿಸಿದರು.

ಕುಮಟಾದ ಹುಡುಗಿಗೆ ಅಂಥವರು ಯಾರೂ ಇರಲಿಲ್ಲ.

ಅವಳ ಅಪ್ಪ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಕಾರ್ಮಿಕ ಕಾರ್ಡು ಇತ್ತು, ಅವಧಿ ಮುಗಿದಿತ್ತು. ನವೀಕರಣಕ್ಕೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ಗೋವಾದ ಕಂಟ್ರಾಕ್ಟರು ಬರೆದು ಕೊಡಲಿಲ್ಲ, ಇಲ್ಲಿಯವರು ಅವರ ಕೆಲಸ ನೋಡಿಲ್ಲ. ಆ ದಾರಿ ಮುಚ್ಚಿತು. ಉಳಿದದ್ದು ಹಿಂದುಳಿದ ವರ್ಗದ ವಿದ್ಯಾರ್ಥಿವೇತನದ ಅರ್ಜಿ. ಅದರಲ್ಲಿ ಏನೂ ತಪ್ಪಿರಲಿಲ್ಲ. ಖಾತೆ ಸರಿ, ಹೆಸರು ಸರಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಸರಿ.

ಅವಳು ಎರಡು ಸಲ ಫೋನು ಮಾಡಿದ್ದಳು. ಅಕ್ಕನ ಮಗಳು ಕರೆಯುವ ಹಾಗೆ ಅವಳೂ ಮಾವ ಎಂದೇ ಕರೆಯುತ್ತಿದ್ದಳು. "ಮಾವ, ದುಡ್ಡು ಯಾವಾಗ ಬತ್ತದೆ?"

"ಅರ್ಜಿ ಹಾಕಿದ್ದೀಯಲ್ಲ ಮಾರಾಯ್ತಿ, ಬಂದೇ ಬರುತ್ತದೆ" ಎಂದೆವು. ಅವಳು ಕೇಳಿದ್ದು ಯಾವಾಗ ಎಂದು. ನಾವು ಹೇಳಿದ್ದು ಬರುತ್ತದೆ ಎಂದು.

ಡಿಸೆಂಬರಿನಲ್ಲಿ ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. ಉಳಿದಿಬ್ಬರು ಹಂಚಿಕೊಳ್ಳುತ್ತೇವೆ ಎಂದರು. ಅವಳು ಒಪ್ಪಲಿಲ್ಲ. ಊರಿಗೆ ಹೋಗಿ ಬರುತ್ತೇನೆ ಎಂದು ಹೋದವಳು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದಳು. ಮಾರ್ಚಿನಲ್ಲಿ ಅವಳ ಖಾತೆಗೆ ಹಣ ಬಂತು. ಮೊದಲ ವರ್ಷದ ಪಾಠ ಆ ಹೊತ್ತಿಗೆ ಅರ್ಧಕ್ಕಿಂತ ಮುಂದೆ ಹೋಗಿತ್ತು, ಹಾಜರಿ ಹೋಗಿತ್ತು, ಮನಸ್ಸೂ ಹೋಗಿತ್ತು.

ಆ ಹುಡುಗಿಯ ನೋಟ್‌ಬುಕ್ಕನ್ನು ಅಕ್ಕನ ಮಗಳು ಇಟ್ಟುಕೊಂಡಿದ್ದಾಳೆ. ಎರಡನೇ ತರಗತಿಗೆ ಸಂಕಲನ ಕಲಿಸಲು ಗೇರುಬೀಜ ಮತ್ತು ಕಪ್ಪೆಚಿಪ್ಪು ಬಳಸಿ ಮಾಡಿದ ಪಾಠಯೋಜನೆ. ಚೆನ್ನಾಗಿದೆ. ನಮಗೆ ಒಂದನೇ ತರಗತಿಯಲ್ಲಿ ಇಂಥ ಅಕ್ಕೋರು ಸಿಕ್ಕಿದ್ದರೆ ಲೆಕ್ಕಕ್ಕೆ ಹೆದರುತ್ತಿರಲಿಲ್ಲವೇನೋ.

ನಮ್ಮ ತಪ್ಪು ಏನು ಎಂದು ಈಗ ಹೇಳುತ್ತೇವೆ. ಪ್ರತಿವರ್ಷ "ವಿದ್ಯಾರ್ಥಿವೇತನಕ್ಕೆ ಅರ್ಜಿ ಆಹ್ವಾನ" ಎಂಬ ಪ್ರಕಟಣೆ ಇಲಾಖೆಗಳಿಂದ ನಮಗೆ ಬರುತ್ತದೆ. ನಾವು ಅದನ್ನು ನಾಲ್ಕು ಸಾಲು ಮಾಡಿ ಕಳಿಸುತ್ತೇವೆ. ಅರ್ಹತೆ, ಕೊನೆಯ ದಿನಾಂಕ, ಮುಗಿಯಿತು. ಹಣ ಯಾವ ತಿಂಗಳು ಬಂತು, ಎಷ್ಟು ಮಂದಿಗೆ ಬಂತು, ಅಷ್ಟರಲ್ಲಿ ಎಷ್ಟು ಮಂದಿ ಓದು ಬಿಟ್ಟಿದ್ದರು ಎಂದು ಒಮ್ಮೆಯೂ ಕೇಳಿದವರಲ್ಲ. ಅರ್ಜಿಯ ಸುದ್ದಿ ಬರೆದೆವು, ಹಣದ ಸುದ್ದಿ ಬರೆಯಲಿಲ್ಲ.

ನಮ್ಮ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತದಲ್ಲಿತ್ತು. ಆ ಕಾಲದಲ್ಲಿ ಮಾಸ್ತರಿಕೆಯ ತರಬೇತಿಗೆ ಧಾರವಾಡಕ್ಕೆ ಹೋಗುವುದಿತ್ತು. ತರಬೇತಿಯಲ್ಲಿ ಇರುವವರಿಗೆ ಸ್ಟೈಪೆಂಡು ಕೊಡುವ ಪದ್ಧತಿಯೂ ಇತ್ತು. ಸ್ಟೈಪೆಂಡು ಎಂದರೆ ಕಲಿಯುತ್ತಿರುವಾಗ, ಊಟಕ್ಕೆ ಬೇಕಾದಾಗ ಕೊಡುವ ಹಣ. ಕಲಿತು ಮುಗಿದ ಮೇಲೆ ಬಂದರೆ ಅದು ಬಹುಮಾನ. ಮನೆಯಲ್ಲಿ ಕಾಯುವ ಶಕ್ತಿ ಇದ್ದವರು ಬಹುಮಾನ ಪಡೆಯುತ್ತಾರೆ. ಇಲ್ಲದವರು ಬಟ್ಟೆ ಅಂಗಡಿಗೆ ಹೋಗುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಈ ಬಗ್ಗೆ ಒಳ್ಳೆಯ ಮಾತು ಇದೆ. ಹಳ್ಳಿಯ ಪ್ರತಿಭಾವಂತರು ಶಿಕ್ಷಕರಾಗಲು ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಗೆ ವಿಶೇಷ ವಿದ್ಯಾರ್ಥಿವೇತನ ಕೊಡಬೇಕು, ಓದು ಮುಗಿದ ಮೇಲೆ ಅವರದೇ ಪ್ರದೇಶದಲ್ಲಿ ಕೆಲಸಕ್ಕೆ ಆದ್ಯತೆ ಕೊಡಬೇಕು ಎಂದು. ಕರ್ನಾಟಕ ಆ ನೀತಿ ಬಿಟ್ಟು ತನ್ನದೇ ರಾಜ್ಯ ಶಿಕ್ಷಣ ನೀತಿಗೆ ಆಯೋಗ ಮಾಡಿತು. ನೀತಿ ಯಾರದಾದರೂ ಆಗಲಿ, ಆ ಎರಡು ಮಾತು ಬಿಡಬಾರದು. ಘಟ್ಟದ ಬುಡದ ಶಾಲೆಗೆ ಬಯಲುಸೀಮೆಯಿಂದ ಬಂದ ಮಾಸ್ತರರು ಒಳ್ಳೆಯವರೇ, ಆದರೆ ವರ್ಗಾವಣೆ ಸಿಕ್ಕಿದ ದಿನ ಹೋಗುತ್ತಾರೆ. ಹಾಲಕ್ಕಿ ಮಗುವಿನ ಕನ್ನಡ, ಖಾರ್ವಿ ಮಗುವಿನ ಕೊಂಕಣಿ, ಭಟ್ಕಳದ ಮಗುವಿನ ನವಾಯತಿ ಕೇಳಿ ಬೆಳೆದ ಅಕ್ಕೋರು ಊರಲ್ಲೇ ಉಳಿಯುತ್ತಾರೆ.

2025ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮತ್ತು ರಾಜ್ಯ ಸರ್ಕಾರ ಸೇರಿ ದೀಪಿಕಾ ವಿದ್ಯಾರ್ಥಿವೇತನ ತಂದವು. ಪದವಿ, ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ. ನಮ್ಮ ಮೂವರಿಗೆ ಇದು ತಡವಾಯಿತು, ಈಗ ಸೇರುವವರು ತಪ್ಪದೆ ವಿಚಾರಿಸಿ. ಆದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿರಬೇಕು ಎಂಬ ಷರತ್ತಿದೆ. ನಮ್ಮ ಕರಾವಳಿಯಲ್ಲಿ ಹೈಸ್ಕೂಲು, ಕಾಲೇಜು ಬಹಳಷ್ಟನ್ನು ಕಟ್ಟಿದವರು ಟ್ರಸ್ಟಿನವರು. ಭಟ್ಕಳದಲ್ಲಿ ಅಂಜುಮನ್ 1919ರಿಂದ ಇದೆ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿದರು. ಊರಿಗೆ ಇದ್ದ ಒಂದೇ ಅನುದಾನಿತ ಹೈಸ್ಕೂಲಿನಲ್ಲಿ ಓದಿದ ಬಡವರ ಮಗಳು ಈ ಷರತ್ತಿನಲ್ಲಿ ಹೊರಗೆ ಉಳಿಯುತ್ತಾಳೆ. ಇದನ್ನು ಸರಿಪಡಿಸಿ ಎಂದು ಕೇಳುವ ಕೆಲಸ ನಮ್ಮ ಜನಪ್ರತಿನಿಧಿಗಳದ್ದು.

ಅದು ಆಗುವವರೆಗೆ ಕಾಯಬೇಕೇ? ಅಕ್ಕನ ಮಗಳು ಹೇಗೆ ಉಳಿದಳು ಎಂದು ಹೇಳಿದರೆ ಉತ್ತರ ಸಿಗುತ್ತದೆ. ಆ ಡಿಸೆಂಬರಿನಲ್ಲಿ ಅವಳೂ ಗಂಟು ಕಟ್ಟಿದ್ದಳು. ಅಕ್ಕ ತನ್ನ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ವಿಷಯ ಇಟ್ಟಳು. ಸಂಘದವರು ಹತ್ತು ಸಾವಿರ ಕೊಟ್ಟರು. ಮಾತು ಇಷ್ಟೇ: ಸ್ಕಾಲರ್‌ಶಿಪ್ ಬಂದ ವಾರ ಅಸಲು ತಿರುಗಿಸಬೇಕು, ಅಲ್ಲಿಯವರೆಗೆ ಬಡ್ಡಿ ಮಾತ್ರ. ಪೇಮೆಂಟ್ ಬ್ಯಾಂಕಿನ ಹಣ ಸಿಕ್ಕಿದ ವಾರವೇ ಅಸಲು ಮುಟ್ಟಿತು.

ಕುಮಟಾದ ಹುಡುಗಿಯ ತಾಯಿಯೂ ಒಂದು ಸಂಘದಲ್ಲಿ ಇದ್ದರು. ಕೇಳಬಹುದು ಎಂದು ಅವರಿಗೆ ಹೊಳೆಯಲಿಲ್ಲ, ಹೇಳಬೇಕು ಎಂದು ನಮಗೆ ಹೊಳೆಯಲಿಲ್ಲ.

ನಮ್ಮ ಊರುಗಳಲ್ಲಿ ಸೇವಾ ಸಹಕಾರಿ ಸಂಘ ಇದೆ, ಹಾಲಿನ ಡೈರಿ ಇದೆ, ದೇವಸ್ಥಾನ ಕಮಿಟಿ ಇದೆ, ಜಮಾತ್ ಇದೆ. ಊರಿನ ಒಬ್ಬ ಹುಡುಗಿಗೋ ಹುಡುಗನಿಗೋ ತಿಂಗಳಿಗೆ 1,500 ಮುಂಗಡ ಕೊಟ್ಟು, ಸ್ಕಾಲರ್‌ಶಿಪ್ ಬಂದಾಗ ವಾಪಸ್ ಪಡೆದರೆ ಯಾರ ಗಂಟೂ ಹೋಗುವುದಿಲ್ಲ. ಹುಡುಗರಿಗೆ ಬಸ್ಸಿನ ಪಾಸಿನ ಖರ್ಚೂ ಇದೆ, ಅದನ್ನು ಮರೆಯಬಾರದು.

ಈ ವರ್ಷ ಸೇರುವವರು ಮೇ ತಿಂಗಳಲ್ಲೇ ಕೆಲವು ಕೆಲಸ ಮುಗಿಸಿಕೊಳ್ಳಿ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತೆಗೆಸಿ, ಹಳೆಯದಿದ್ದರೆ ಅವಧಿ ನೋಡಿ. ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರು ಒಂದೇ ಇದೆಯೇ ಎಂದು ಅಕ್ಷರ ಅಕ್ಷರ ತಾಳೆ ಹಾಕಿ. ಆಧಾರಿಗೆ ಜೋಡಿಸಿದ ಬ್ಯಾಂಕು ಯಾವುದೆಂದು ಮೊಬೈಲಿನಲ್ಲೇ ನೋಡಬಹುದು. ಹಣ ಬಂತೋ ಇಲ್ಲವೋ ಎಂಬುದಕ್ಕೆ ಡಿಬಿಟಿ ಕರ್ನಾಟಕ ಆ್ಯಪ್ ಇದೆ. ಅಪ್ಪನ ಕಾರ್ಮಿಕ ಕಾರ್ಡಿನ ಅವಧಿ ನೋಡಿ, ಕೆಲಸದ ದೃಢೀಕರಣವನ್ನು ಕೆಲಸ ನಡೆಯುವಾಗಲೇ ಬರೆಸಿಕೊಳ್ಳಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವ ಮೊದಲು ದಾಖಲೆಗಳ ಇ-ದೃಢೀಕರಣ ಮಾಡಿಸಿಕೊಳ್ಳಿ.

ಅಕ್ಕನ ಮಗಳು ಈಗ ಹೊನ್ನಾವರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಗೌರವಧನ ತಿಂಗಳಿಗೆ 12,000, ಅದೂ ತಿಂಗಳು ತಿಂಗಳು ಬರುತ್ತದೆ ಎಂದೇನಿಲ್ಲ. ರಾತ್ರಿ ಟಿಇಟಿಗೆ ಓದುತ್ತಾಳೆ. ಭಟ್ಕಳದವಳು ಟಿಇಟಿ ಪಾಸಾಗಿ ನೇಮಕಾತಿ ಕಾಯುತ್ತಿದ್ದಾಳೆ.

ಮೊನ್ನೆ ಕುಮಟೆಗೆ ಹೋದಾಗ ನಾವು ಆ ಬಟ್ಟೆ ಅಂಗಡಿಗೆ ಹೋದೆವು. ಯೂನಿಫಾರ್ಮ್ ಬಟ್ಟೆಯ ಕಡೆ ಅವಳ ಕೆಲಸ. ಒಂದು ಚಿಕ್ಕ ಹುಡುಗನ ಅಳತೆ ತೆಗೆಯುತ್ತಾ, ಟೇಪಿನ ಮೇಲಿನ ಅಂಕಿಗಳನ್ನು ಅವನಿಂದಲೇ ಓದಿಸುತ್ತಿದ್ದಳು. ನಮ್ಮನ್ನು ನೋಡಿ ನಕ್ಕಳು. "ಮಾವ, ಮತ್ತೆ ಸೇರೂಕೆ ಬತ್ತದ್ಯಾ?" ಎಂದು ಕೇಳಿದಳು.

ಈ ಸಲ ನಾವು "ಬರುತ್ತದೆ" ಎನ್ನಲಿಲ್ಲ. ಕೇಳಿಕೊಂಡು ಬಂದು ಹೇಳುತ್ತೇವೆ ಎಂದೆವು. ಸೋಮವಾರ ಕಾಲೇಜಿಗೆ ಹೋಗುತ್ತೇವೆ. ಅದಕ್ಕೂ ಮೊದಲು, ಭಾನುವಾರ, ಅವಳ ತಾಯಿಯ ಸಂಘದ ಸಭೆ ಇದೆ.