ಯಾವುದರ ಹಿಂದೆ ಯಾವುದು?

ಶಾಲೆಯ ಉಪಾಧ್ಯಾಯಿನಿಗೆ ಸಾಲು ಎಂಬುದು ಹೊಸ ಸಂಗತಿಯಲ್ಲ. ಬೆಳಗ್ಗೆ ಪ್ರಾರ್ಥನೆಗೆ ಸಾಲು, ಮಧ್ಯಾಹ್ನ ಊಟಕ್ಕೆ ಸಾಲು, ಸಂಜೆ ಗೇಟಿನ ಬಳಿ ಸಾಲು. ಗಿಡ್ಡನು ಮುಂದೆ, ಉದ್ದನು ಹಿಂದೆ ಎಂದು ಮಕ್ಕಳನ್ನು ನಿಲ್ಲಿಸುತ್ತ ಹನ್ನೆರಡು ವರ್ಷಗಳನ್ನು ಕಳೆದಿದ್ದೇನೆ. ಆದರೆ ಸಾಲಿನ ಮರ್ಮವನ್ನು ನನಗೆ ತಿಳಿಸಿದವನು ಎಂದೂ ಸಾಲಿನಲ್ಲಿ ನಿಲ್ಲದ ನನ್ನ ತಮ್ಮ. ಆ ಪಾಠದ ಉಪಕರಣಗಳೋ, ಕಾಲಿನಿಂದ ಒತ್ತುವ ಆರು ಲೋಹದ ಪೆಟ್ಟಿಗೆಗಳು!

ನಮ್ಮ ತಂದೆಯವರು ಕಾಸರಗೋಡಿನ ಕಡೆಯ ಕನ್ನಡ ಶಾಲೆಗಳಲ್ಲಿ ಅಧ್ಯಾಪಕರಾಗಿದ್ದು ನಿವೃತ್ತರಾದವರು. ಮಕ್ಕಳಿಬ್ಬರೂ ತಮ್ಮ ವೃತ್ತಿಗೇ ಬರಬೇಕೆಂಬುದು ಅವರ ಹಂಬಲ. ನಾನು ತರಬೇತಿ ಮುಗಿಸಿ ಬಂದೆನು. ತಮ್ಮನು ತರಬೇತಿಯನ್ನು ನಡುವೆಯೇ ಬಿಟ್ಟು ಗಿಟಾರನ್ನು ಹಿಡಿದನು, ಉತ್ಸವಗಳ ಗಾನಮೇಳಗಳಲ್ಲಿ ನುಡಿಸತೊಡಗಿದನು. ಅಂದಿನಿಂದ ತಂದೆ ಮಗನ ನಡುವಣ ಮಾತೆಲ್ಲ ನನ್ನ ಮೂಲಕವೇ ಸಾಗಬೇಕಾಯಿತು. “ಅವನನ್ನು ಊಟಕ್ಕೆ ಕರೆ” ಎಂದು ಅವರು. “ಅಪ್ಪನ ಮಾತ್ರೆ ತಂದಿದ್ದೇನೆ, ಕೊಡು ಅಕ್ಕಾ” ಎಂದು ಇವನು. ನಾಲ್ಕು ವರ್ಷ ಹೀಗೆಯೇ ನಡೆಯಿತು.

ಕಳೆದ ವರ್ಷ ಒಂದು ಉತ್ಸವದ ರಾತ್ರಿ ಹಾಡಿನ ನಡುವೆ ಅವನೊಬ್ಬನೇ ನುಡಿಸಬೇಕಾದ ಭಾಗ ಬಂದಿತಂತೆ. ಗಿಟಾರಿನ ಸ್ವರಗಳು ಒಂದರ ಮೇಲೊಂದು ಬಿದ್ದು ಕೆಸರಾದವು. ಮೇಳದ ಯಜಮಾನರು ಎಲ್ಲರೆದುರು, “ಇನ್ನು ಮುಂದೆ ಆ ಭಾಗವನ್ನು ಕೀಬೋರ್ಡಿನವನೇ ನುಡಿಸಲಿ” ಎಂದುಬಿಟ್ಟರು. ನಸುಕಿನಲ್ಲಿ ಮನೆಗೆ ಬಂದವನು, “ಎಲ್ಲವನ್ನೂ ಮಾರಿಬಿಡುತ್ತೇನೆ ಅಕ್ಕಾ” ಎಂದನು. ಅವನ ದನಿ ಕೇಳಿ ನನಗೆ ಹೆದರಿಕೆಯಾಯಿತು.

ಮುಂದಿನ ಭಾನುವಾರ ಚಾವಡಿಯಲ್ಲಿ ಆರು ಪೆಟ್ಟಿಗೆಗಳನ್ನೂ ಹರಡಿಕೊಂಡು ಕುಳಿತಿದ್ದನು. ಅವನನ್ನು ಮಾತಿಗೆಳೆಯಬೇಕೆಂದು, “ಇವು ಏನೇನು ಮಾಡುತ್ತವೆ?” ಎಂದು ಕೇಳಿದೆನು. ಒಂದು ಶ್ರುತಿ ನೋಡುವ ಟ್ಯೂನರು. ಒಂದು ಪಾದದಿಂದ ತೂಗಿದಂತೆ ಸ್ವರವು ಬಾಯಿ ತೆರೆದು ಮುಚ್ಚಿದ ಹಾಗೆ ಕೇಳಿಸುವ ವಾ ಪೆಡಲು. ಒಂದು ಸ್ವರದ ಏರಿಳಿತವನ್ನು ಸಮಗೊಳಿಸುವ ಕಂಪ್ರೆಸರು. ಒಂದು ವಾದ್ಯವೇ ಹಲವು ವಾದ್ಯಗಳಂತೆ ತೋರುವ ಕೋರಸ್. ನುಡಿಸಿದ್ದನ್ನು ಸ್ವಲ್ಪ ತಡೆದು, ಸಲಸಲಕ್ಕೂ ಮೆತ್ತಗಾಗಿಸಿ ಮರಳಿ ನುಡಿಯುವ ಡಿಲೇ. ಕೊನೆಯದು ದೊಡ್ಡ ಸಭಾಂಗಣದ ಗುಂಗನ್ನು ಕೊಡುವ ರಿವರ್ಬ್. “ಇವುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೀ?” ಎಂದೆನು. “ಕೊಂಡ ಕ್ರಮದಲ್ಲಿ” ಎಂದನು!

ನನಗೆ ನಗು ಬಂದಿತು. ನಾನು ಅವನಿಗೆ ಬಲ್ಲ ವಿದ್ಯೆಯನ್ನೇ ಹೇಳಿದೆನು: “ಮರ ಎಂಬ ಪ್ರಕೃತಿಗೆ ಮೊದಲು ಬಹುವಚನ, ಆಮೇಲೆ ವಿಭಕ್ತಿ, ಮರಗಳಿಂದ. ಪ್ರತ್ಯಯಗಳು ಅವೇ ಇದ್ದರೂ ಹಿಂದುಮುಂದಾಗಿಸಿ ‘ಮರದಿಂದಗಳು’ ಎಂದರೆ ಮೂರನೆಯ ತರಗತಿಯ ಮಕ್ಕಳೂ ನಗುತ್ತಾರೆ. ನಿನ್ನ ಗಿಟಾರಿನ ದನಿಯೂ ಒಂದು ಪ್ರಕೃತಿಯಲ್ಲವೇ?” ಅವನು ಮಾತನಾಡದೆ ಪೆಟ್ಟಿಗೆಗಳನ್ನು ಎತ್ತಿ ಬೇರೆ ಸಾಲಿನಲ್ಲಿ ಇಟ್ಟನು. ಶುದ್ಧ ಸ್ವರವನ್ನೇ ಬಯಸುವ ಟ್ಯೂನರು ಮೊದಲು, ಬಳಿಕ ವಾ, ಕಂಪ್ರೆಸರು, ಅನಂತರ ಕೋರಸ್, ಕೊನೆಗೆ ಡಿಲೇ, ರಿವರ್ಬ್.

ಆದರೂ ಕೆಸರು ತಿಳಿಯಾಗಲಿಲ್ಲ. ಆಗ ಆಂಪ್ಲಿಫೈಯರಿನೊಡನೆ ಬಂದಿದ್ದ ಕೈಪಿಡಿಯನ್ನು ಇಬ್ಬರೂ ಓದಲು ಕುಳಿತೆವು. ಅದರಿಂದ ತಿಳಿದುದಿಷ್ಟು: ಹೊರಗಿನಿಂದ ಒಂದೇ ಪೆಟ್ಟಿಗೆಯಾಗಿ ಕಂಡರೂ ಆಂಪ್ಲಿಫೈಯರಿನ ಒಳಗೆ ಎರಡು ಮನೆಗಳಿವೆ. ಮೊದಲಿನ ಪ್ರಿಆಂಪು ದನಿಗೆ ರೂಪ ಕೊಡುತ್ತದೆ. ಹಿಂದಿನ ಪವರ್ ಆಂಪು ಅದಕ್ಕೆ ಸ್ಪೀಕರನ್ನು ಅಲುಗಿಸುವ ಬಲ ಕೊಡುತ್ತದೆ. ತಮ್ಮನಿಗೆ ಪ್ರಿಯವಾದ ಆ ಕರಕರ ದನಿ, ಡಿಸ್ಟಾರ್ಷನ್ ಎಂಬುದು, ಹುಟ್ಟುತ್ತಿದ್ದುದು ಪ್ರಿಆಂಪಿನಲ್ಲಿ. ಅದು ಏರಿದ್ದನ್ನು ಕತ್ತರಿಸುತ್ತದೆ. ಹೀಗಾಗಿ ತಗ್ಗಿದ್ದೂ ಏರಿದ್ದೂ ಸಮವಾಗುತ್ತವೆ. ಮೆತ್ತಗಾಗಬೇಕಿದ್ದ ಮಾರ್ದನಿಯು ಅದರೊಳಗೆ ಹೊಕ್ಕು, ಹೊಸ ಸ್ವರದಷ್ಟೇ ಜೋರಾಗಿ, ಅದರೊಡನೆ ಸೆಣಸುತ್ತ ಹೊರಬರುತ್ತಿತ್ತು. ಪೆಟ್ಟಿಗೆಗಳನ್ನು ಮುಂಭಾಗದಲ್ಲಿ ಹೇಗೆ ಜೋಡಿಸಿದರೇನು? ಮಾರ್ದನಿ ಯಾವಾಗಲೂ ಕರಕರಕ್ಕಿಂತ ಮೊದಲೇ!

ಇದಕ್ಕೆ ಪರಿಹಾರವು ಆಂಪ್ಲಿಫೈಯರಿನ ಬೆನ್ನಿನಲ್ಲೇ ಇತ್ತು. ಸೆಂಡ್, ರಿಟರ್ನ್ ಎಂಬ ಎರಡು ತೂತುಗಳು. ಇವನ್ನೇ ಎಫೆಕ್ಟ್ಸ್ ಲೂಪ್ ಎನ್ನುವುದು. ಪ್ರಿಆಂಪನ್ನು ದಾಟಿದ ದನಿ ಸೆಂಡಿನಿಂದ ಹೊರಬಂದು, ಪೆಡಲುಗಳಲ್ಲಿ ಸುತ್ತಾಡಿ, ರಿಟರ್ನಿನ ಮೂಲಕ ಪವರ್ ಆಂಪಿಗೆ ಮರಳುತ್ತದೆ. ಗಿಟಾರಿನಿಂದ ಮುಂದಿನ ಪೆಡಲುಗಳಿಗೆ ಒಂದು ತಂತಿ, ಅಲ್ಲಿಂದ ಆಂಪ್ಲಿಫೈಯರಿನ ಬಾಯಿಗೆ ಎರಡನೆಯದು, ಸೆಂಡಿನಿಂದ ಹಿಂದಿನ ಪೆಡಲುಗಳಿಗೆ ಮೂರನೆಯದು, ಅವುಗಳಿಂದ ರಿಟರ್ನಿಗೆ ನಾಲ್ಕನೆಯದು. ಟ್ಯೂನರು, ವಾ, ಕಂಪ್ರೆಸರು ಮುಂದೆ ಉಳಿದವು. ಕೋರಸ್, ಡಿಲೇ, ರಿವರ್ಬ್ ಲೂಪಿಗೆ ಹೋದವು. ಲೂಪಿನಿಂದ ಬರುವ ದನಿ ಕೆಲವು ಪೆಡಲುಗಳಿಗೆ ಅತಿಯಾಗುವುದುಂಟು. ಅದಕ್ಕಾಗಿ ಬೆನ್ನಿನಲ್ಲಿದ್ದ ಒಂದು ಪುಟ್ಟ ಗುಂಡಿಯನ್ನು ತಗ್ಗಿಸಬೇಕಾಯಿತು.

ಇದು ಎಲ್ಲರೂ ಪಾಲಿಸಲೇಬೇಕಾದ ಶಾಸನವೆಂದು ವಾಚಕರು ಭಾವಿಸಬಾರದು. 1958ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ವಾಟ್ಕಿನ್ಸ್ ಕಾಪಿಕ್ಯಾಟ್ ಎಂಬ ಯಂತ್ರವು ಟೇಪಿನ ಸುರುಳಿಯಿಂದ ಮಾರ್ದನಿ ಕೊಡುತ್ತಿತ್ತು. ಅಂಥ ಯಂತ್ರಗಳನ್ನು ಆಂಪ್ಲಿಫೈಯರಿನ ಮುಂದೆಯೇ ಇಟ್ಟು ಸೊಗಸಾಗಿ ನುಡಿಸಿದವರಿದ್ದಾರೆ. 1962ರ ಮ್ಯಾಸ್ಟ್ರೋ ಫಜ್‌ಟೋನ್ ಪೆಡಲು, 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಕೇಳಿಬಂದು ಕರಕರ ದನಿಯನ್ನು ಮನೆಮಾತಾಗಿಸಿತು. ಕರಕರವು ಪೆಡಲಿನಿಂದಲೇ ಬಂದರೆ ಡಿಲೇಯನ್ನು ಅದರ ಹಿಂದಿಟ್ಟರಾಯಿತು, ಲೂಪೇ ಬೇಡ. ಕ್ರಮವನ್ನು ಬೇಕೆಂದೇ ಮುರಿಯುವವರೂ ಉಂಟು. ಆದರೆ ತಿಳಿದು ಮುರಿಯುವುದು ಬೇರೆ, ತಿಳಿಯದೆ ಎಡವುವುದು ಬೇರೆ.

ಸಂಜೆ ತಮ್ಮನು ಆ ಭಾಗವನ್ನು ನುಡಿಸಿದನು. ಪ್ರತಿ ಸ್ವರವೂ ನಿಚ್ಚಳವಾಗಿ ನಿಂತಿತು. ಅದರ ಹಿಂದೆ ಮಾರ್ದನಿಯು ಹೆಜ್ಜೆ ಹೆಜ್ಜೆಗೆ ಮೆತ್ತಗಾಗುತ್ತ ದೂರ ಸರಿಯಿತು. ನಮ್ಮ ತಂದೆಯವರು ತಾಳಮದ್ದಳೆಯ ಅಭಿಮಾನಿಗಳು. ಅರ್ಥಧಾರಿಯ ಒಂದು ಅಕ್ಷರ ಜಾರಿದರೂ ಮುಖ ಸಿಂಡರಿಸುವವರು. ಒಳಮನೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ನಾನು ಎಂದಿನಂತೆ ಅವರ ಮಾತನ್ನು ದಾಟಿಸಲು ಸಿದ್ಧಳಾದೆನು. ಅವರು ನನ್ನತ್ತ ನೋಡಲೇ ಇಲ್ಲ.

“ಈಗ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದಲ್ಲ. ಏನು ಮಾಡಿದೆ?” ಎಂದು ಅವನನ್ನೇ ಕೇಳಿದರು.

ತಮ್ಮನು ಒಂದು ಕ್ಷಣ ತಡವರಿಸಿದನು. ಬಳಿಕ ಆಂಪ್ಲಿಫೈಯರಿನ ಬೆನ್ನನ್ನು ಅವರತ್ತ ತಿರುಗಿಸಿ, “ಅಪ್ಪಾ, ಇಲ್ಲಿ ನೋಡಿ” ಎಂದನು. ಅವರು ಮಂಡಿ ಹಿಡಿದುಕೊಂಡು ಮೆಲ್ಲನೆ ನೆಲದ ಮೇಲೆ ಕುಳಿತರು.

ಅವನು ಅಧ್ಯಾಪಕನಾಗಲಿಲ್ಲವೆಂಬ ಕೊರಗು ಅವರಿಗೆ ಇಂದಿಗೂ ಇದೆ. ಆದರೆ ಪೆಟ್ಟಿಗೆಗಳು ಮಾರಾಟವಾಗಲಿಲ್ಲ. ಆ ಸಂಜೆ ಇಬ್ಬರ ನಡುವಿನ ತಂತಿಯಾಗಿದ್ದ ನನಗೆ ಕೆಲಸವಿರಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟೆನು.